ಗುಂಡನನ್ನು ಮುಟ್ಟಬಾರದು

ನಿಂತುಹೋದ ವಸ್ತು ಯಾವುದೇ ಇರಲಿ, ಅದಕ್ಕೊಂದು ಏಟು ಕೊಡದೆ ನನಗೆ ಸಮಾಧಾನವಿಲ್ಲ. ಸಿಟ್ಟಿನ ಏಟಲ್ಲ, ಎಬ್ಬಿಸುವ ಏಟು. ಮಿಕ್ಸಿ ನಿಂತರೆ ಅದರ ಬೆನ್ನಿಗೊಂದು, ರಿಮೋಟ್ ಮಾತು ಕೇಳದಿದ್ದರೆ ಅಂಗೈಗೆ ಬಡಿದು ಅದಕ್ಕೊಂದಷ್ಟು, ಗೋಡೆ ಗಡಿಯಾರ ನಿಂತರೆ ಪೊರಕೆಯ ಹಿಡಿಯಿಂದ ಮೆಲ್ಲಗೆ ಅದರ ಗದ್ದಕ್ಕೊಂದು. ನಗಬೇಡಿ, ನೀವೂ ಟಾರ್ಚನ್ನು ಕುಟ್ಟಿದವರೇ. ಪಾಲಿಟೆಕ್ನಿಕ್ಕಿನಲ್ಲಿ ಮಕ್ಕಳಿಗೆ ಯಂತ್ರಗಳ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವಳು ಹೀಗೆಲ್ಲ ಮಾಡಬಹುದೇ ಎಂದು ನನ್ನ ಯಜಮಾನರು ಕೇಳುತ್ತಾರೆ. ಅವರ ಸ್ಕೂಟರು ನಿಂತಾಗ ಮಾತ್ರ ನನ್ನನ್ನೇ ಕೂಗಿ ಕರೆಯುತ್ತಾರೆ.

ಮೊನ್ನೆ ಬೆಳಿಗ್ಗೆ ಕಾಯಿಚಟ್ನಿ ಅರೆಯುತ್ತಿದ್ದಾಗ ಮಿಕ್ಸಿ ಗಕ್ಕನೆ ನಿಂತಿತು. ಕೈ ತಾನಾಗಿ ಮೇಲೆದ್ದಿತು. ಎದ್ದ ಕೈ ಯಾಕೋ ಅಲ್ಲೇ ಉಳಿಯಿತು. ಹಿಂದೊಮ್ಮೆ ಆ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವಳ ಬೆರಳುಗಳು ಇನ್ನೂ ಅಲ್ಲೇ ಇವೆಯೇನೋ ಅನ್ನಿಸಿತು. ಸರಿ, ಕಾಯೋಣ ಎಂದು ಅಡುಗೆಕಟ್ಟೆಗೆ ಒರಗಿ ನಿಂತೆ. ಮಿಕ್ಸಿ ಮಿಸುಕಲಿಲ್ಲ. ಆಮೇಲೆ ನೋಡಿದರೆ ಕರೆಂಟು ಹೋಗಿತ್ತು. ಅದು ಬರುವ ತನಕ ನಾನು ಮನಸ್ಸಿನಲ್ಲೇ ಮಾಂಬಳ್ಳಿಗೆ ಹೋಗಿ, ಕೊಳ್ಳೇಗಾಲದ ತವರುಮನೆಗೆ ಬಂದು, ಗುಂಡನನ್ನು ಕಂಡು ಮಾತಾಡಿಸಿಕೊಂಡು ಬಂದೆ. ಗುಂಡ ಎಂದರೆ ಮನುಷ್ಯನಲ್ಲ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾವು ಮೂವರು ಸೇರಿ ಕಟ್ಟಿದ ಒಂದು ಯಂತ್ರದ ರೇಷ್ಮೆಹುಳ.

ಏಟು ಕೊಡುವ ಚಾಳಿ ನನಗೆ ಅಪ್ಪನಿಂದ ಬಂದದ್ದು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಲ್ಲದ ಮನೆ ಇರಲಿಲ್ಲ. ನಮ್ಮ ಮನೆಯ ನಡುಮನೆಯಂತೂ ಪೂರ್ತಿ ಮಗ್ಗದ್ದೇ. ನಾವು ಮನುಷ್ಯರು ಅದರ ಸುತ್ತ ಉಳಿದ ಜಾಗದಲ್ಲಿ ಉಂಡು, ಓದಿ, ಮಲಗುತ್ತಿದ್ದೆವು. ಸೀರೆಯ ಅಂಚಿಗೆ ಬಳ್ಳಿ, ನವಿಲು ಎಬ್ಬಿಸುವ ಜಕಾರ್ಡ್ ಪೆಟ್ಟಿಗೆ ಮಗ್ಗದ ನೆತ್ತಿಯ ಮೇಲೆ ಕೂತಿರುತ್ತದಲ್ಲ, ಅದು ಒಮ್ಮೊಮ್ಮೆ ಮುನಿಸಿಕೊಳ್ಳುತ್ತಿತ್ತು. ಆಗ ಅಪ್ಪ ತಾವು ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಎದ್ದು, ಮೂಲೆಯಲ್ಲಿದ್ದ ಮರದ ಕೊಡತಿ ತೆಗೆದು, ಅದರ ಚೌಕಟ್ಟಿಗೆ ಎರಡು ಬಿಗಿದು, ಕನ್ನಡದಲ್ಲಿ ಬಯ್ಯುತ್ತಿದ್ದರು. ನಮ್ಮ ಮನೆಮಾತು ತೆಲುಗು. ಪ್ರೀತಿ, ಊಟ, ಲೆಕ್ಕ, ದೇವರು ಎಲ್ಲವೂ ತೆಲುಗಿನಲ್ಲಿ. ಬೈಗುಳ ಮಾತ್ರ ಕನ್ನಡದಲ್ಲಿ. ಮಗ್ಗಕ್ಕೆ ಕನ್ನಡ ಹೇಳಿದರೇ ನಾಟುತ್ತದೆ ಎಂಬುದು ಅಪ್ಪನ ನಂಬಿಕೆ. ಮಗ್ಗ ಮತ್ತೆ ಹೊರಡುತ್ತಿದ್ದುದೂ ನಿಜ.

ಇದನ್ನು ನೋಡಿ ಬೆಳೆದ ನಾನು ಯಾವುದನ್ನೂ ಬಿಟ್ಟವಳಲ್ಲ. ರೇಡಿಯೋ, ಬೋರಿಂಗ್ ಪಂಪು, ಮಲಗಿದ ಬೆಕ್ಕು ಎಲ್ಲಕ್ಕೂ ನನ್ನ ಕೈಯ ರುಚಿ ಗೊತ್ತು. ಶಾಲೆಯ ನಾಟಕದಲ್ಲಿ ಒಮ್ಮೆ ರಾಜನ ಪಾತ್ರದ ಹುಡುಗಿ ಮಾತು ಮರೆತು ಸಭೆಯ ಮುಂದೆ ಕಣ್ಣು ಬಿಡುತ್ತ ನಿಂತಳು. ಹಿಂದೆ ಚಾಮರ ಬೀಸುತ್ತಿದ್ದ ನಾನು ಅವಳ ಬೆನ್ನಿಗೊಂದು ಕೊಟ್ಟೆ. ಕಿರೀಟ ಉದುರಿತು, ಮಾತೂ ಹೊರಗೆ ಬಂತು. ಮೇಷ್ಟ್ರು ಆಮೇಲೆ ನನಗೆ ಕೊಟ್ಟದ್ದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

ಇಂಥವಳು ಎಂಜಿನಿಯರಿಂಗ್ ಸೇರಿದೆ. ಕೊನೆಯ ವರ್ಷ ನಮಗೊಂದು ಗುಂಪಿನ ಪ್ರಾಜೆಕ್ಟು ಬಂತು. ಪ್ರಾಣಿಯನ್ನೋ ಹುಳುವನ್ನೋ ಚೆನ್ನಾಗಿ ಗಮನಿಸಿ, ಅದು ನಡೆಯುವ ಹಾಗೆಯೇ ನಡೆಯುವ ಒಂದು ರೋಬೋಟನ್ನು ಕಟ್ಟಬೇಕು. ನಮ್ಮ ಗೈಡ್ ಸರ್ ಮಿತಭಾಷಿ. ನಾವು ಏನೇ ಬಣ್ಣ ಕಟ್ಟಿ ಹೇಳಿದರೂ ಕೊನೆಗೆ "ಆಯ್ತು, ತೋರ್ಸಿ" ಎನ್ನುವುದು ಅವರ ಮಾತು. ಒಂದು ಗುಂಪು ಹಾವು ಅಂದಿತು. ಇನ್ನೊಂದು ಇರುವೆ, ಮತ್ತೊಂದು ಮೀನು. ನನ್ನ ಸರದಿ ಬಂದಾಗ ಎದ್ದು ನಿಂತು, ಎದೆಯುಬ್ಬಿಸಿ, "ರೇಷ್ಮೆಹುಳ ಸಾ" ಅಂದೆ. ಕೊಳ್ಳೇಗಾಲದವಳು ಮತ್ತೇನು ಹೇಳಬೇಕಿತ್ತು ಹೇಳಿ? ಹುಟ್ಟಿದಾಗ ತೊಟ್ಟಿಲ ಮೇಲೆ ಹೊದಿಸಿದ್ದೂ ರೇಷ್ಮೆಯೇ. ರೇಷ್ಮೆಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಇದ್ದೀತು ಎಂಬ ಅನುಮಾನ ಕೂಡ ನನಗೆ ಬರಲಿಲ್ಲ. ಸರ್ ಒಮ್ಮೆ ಕನ್ನಡಕ ಸರಿಮಾಡಿಕೊಂಡರು. "ಆಯ್ತು, ತೋರ್ಸಿ" ಅಂದರು.

ನನ್ನ ಗುಂಪಿನಲ್ಲಿ ಇನ್ನಿಬ್ಬರು. ಒಬ್ಬ ಶಿವು, ಯಳಂದೂರು ಕಡೆಯ ಮಾಂಬಳ್ಳಿಯವನು. ಅವರ ಮನೆಯಲ್ಲಿ ಹುಳ ಸಾಕುತ್ತಿದ್ದರು. ಅವನನ್ನು ಗುಂಪಿಗೆ ಎಳೆದುಕೊಂಡದ್ದೇ ಆ ಕಾರಣಕ್ಕೆ. ಇನ್ನೊಬ್ಬಳು ಮಂಜುಳ, ಹನೂರಿನಾಚೆ ಅಜ್ಜೀಪುರದವಳು. ಅವಳು ವಯಸ್ಸಿನಲ್ಲಿ ನಮಗಿಂತ ದೊಡ್ಡವಳು. ತಾಯಿಗೆ ಕಾಯಿಲೆಯಾಗಿ ನಡುವೆ ಓದು ಬಿಟ್ಟು ಊರಿಗೆ ಹೋಗಿದ್ದವಳು, ತಾಯಿ ಎದ್ದು ಓಡಾಡುವಂತಾದ ಮೇಲೆ ಮತ್ತೆ ಬಂದು ಸೇರಿಕೊಂಡಿದ್ದಳು. ಸೇರಿದ ಮೇಲೆ ಇಷ್ಟರೊಳಗೆ ಓದು ಮುಗಿಸಬೇಕು ಎಂದು ವಿಶ್ವವಿದ್ಯಾಲಯ ಒಂದು ಗಡುವು ಇಟ್ಟಿರುತ್ತದೆ. ಅವಳ ಗಡುವು ಅದೇ ವರ್ಷಕ್ಕೆ ಮುಗಿಯುತ್ತಿತ್ತು. ಉಳಿದ ಪರೀಕ್ಷೆಗಳೆಲ್ಲ ಪಾಸಾಗಿ ಈ ಪ್ರಾಜೆಕ್ಟು ಒಂದೇ ಬಾಕಿ. ಇದರಲ್ಲಿ ಫೇಲಾದರೆ ಶಿವು, ನಾನು ಮುಂದಿನ ಸಲ ಕಟ್ಟಬಹುದಿತ್ತು. ಅವಳಿಗೆ ಮುಂದಿನ ಸಲ ಎಂಬುದೇ ಇರಲಿಲ್ಲ. ಓದಿದ್ದೆಲ್ಲ ನೀರಿಗೆ ಹೋಗಿ, ಡಿಗ್ರಿ ಇಲ್ಲದೆ ಅಜ್ಜೀಪುರದ ಬಸ್ಸು ಹತ್ತಬೇಕಿತ್ತು. ಇದನ್ನು ಅವಳು ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುತ್ತ, ಉಪ್ಪು ಕಡಿಮೆ ಎಂದು ಹೇಳುವಷ್ಟೇ ಸಮಾಧಾನವಾಗಿ ಹೇಳಿದಳು. "ಹೆದರ್ಕೋಬೇಡ ಕಣೇ, ರೇಷ್ಮೆ ನಮ್ಮನೇದು" ಎಂದು ಅವಳಿಗೆ ಧೈರ್ಯ ಹೇಳಿದೆ.

ಮೊದಲ ಸಲ ಮಾಂಬಳ್ಳಿಗೆ ಹೋದದ್ದು ಒಂದು ಭಾನುವಾರ. ಮಂಜುಳ ಬೆಳಿಗ್ಗೆಯೇ ಹನೂರಿನಿಂದ ಕೊಳ್ಳೇಗಾಲಕ್ಕೆ ಬಂದಳು, ಇಬ್ಬರೂ ಯಳಂದೂರು ಬಸ್ಸು ಹತ್ತಿದೆವು. ಬೇರೆಯವರ ಮನೆಗೆ ಹೋಗುತ್ತಿದ್ದೇನಲ್ಲ ಎಂದು ನಾನು ಮುಖಕ್ಕೆ ಪೌಡರು ಬಳಿದು, ಜಡೆಗೆ ಮಲ್ಲಿಗೆ ಮುಡಿದಿದ್ದೆ. ಹುಳದ ಮನೆಯ ಬಾಗಿಲಲ್ಲಿ ಶಿವುವಿನ ತಾಯಿ ಗೌರಮ್ಮ ಒಂದು ಕೈ ಅಡ್ಡ ಹಿಡಿದು ನಿಂತಿದ್ದರು. ನನ್ನ ಹತ್ತಿರ ಬಂದು ಮೂಸಿದರು.

"ಏನವ್ವ, ಮದ್ವೆಗೆ ಬಂದಿದ್ದೀಯಾ? ಈ ಗಮ್ಲು ಒಳೀಕ್ ಓದ್ರೆ ನನ್ ಉಳ ಸೊಪ್ಪು ಮುಟ್ಟಲ್ಲ. ಓಗು, ಮೊಕ ತೊಳ್ಕಂಡ್ ಬಾ."

ಮುಖ ತೊಳೆದೆ. ಮಲ್ಲಿಗೆ ನಲ್ಲಿಯ ಮೇಲೆ ಕೂತಿತು. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿ ಇಟ್ಟಿದ್ದ ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಕಾಲದ್ದಿ, ನೊಣ ಬಾರದಂತೆ ಇಳಿಬಿಟ್ಟ ಪರದೆ ಸರಿಸಿ ಒಳಗೆ ಹೋದೆವು. ಸಾಲು ಸಾಲು ಸ್ಟ್ಯಾಂಡುಗಳ ಮೇಲೆ ಹುಳ. ಸೊಪ್ಪು ಕಡಿಯುವ ಸದ್ದು ಕೋಣೆ ತುಂಬ. ನಾನು ಹುಟ್ಟಿದಾಗಿನಿಂದ ರೇಷ್ಮೆಯ ನಡುವೆ ಇದ್ದವಳು ನಿಜ. ಆದರೆ ರೇಷ್ಮೆ ನಮ್ಮ ಮನೆಗೆ ನೂಲಾಗಿ, ಬಣ್ಣ ಕುಡಿದು, ಲಡಿ ಕಟ್ಟಿಸಿಕೊಂಡು ಬರುತ್ತಿತ್ತು. ಜೀವವಿರುವ ಹುಳವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಗೌರಮ್ಮ ಕೇಳಲೂ ಇಲ್ಲ.

ಗೆರೆ ಎಳೆದ ಬಿಳಿ ಹಾಳೆಯ ಮೇಲೆ ಒಂದು ಹುಳ ಬಿಟ್ಟೆವು. ಶಿವು ಮೊಬೈಲಿನಲ್ಲಿ ವಿಡಿಯೋ ಶುರು ಮಾಡಿದ. ಹುಳ ನಡೆದ ದೂರ, ಹೆಜ್ಜೆಯ ಅಳತೆ, ಬೆನ್ನಿನ ಅಲೆ ಎಲ್ಲ ಬರೆದುಕೊಳ್ಳಲು ನಾನು ಪೆನ್ನು ತೆಗೆದು ಸಿದ್ಧವಾದೆ. ಹುಳ ಒಮ್ಮೆ ತಲೆ ಎತ್ತಿ ನಮ್ಮನ್ನು ನೋಡಿತು, ಮತ್ತೆ ತಲೆ ಇಳಿಸಿ ಸುಮ್ಮನಾಯಿತು. ಕಾದೆವು. ಅದು ಅಲ್ಲೇ ಇತ್ತು. ಬೇರೆ ಹುಳ ಬಿಟ್ಟೆವು. ಅದೂ ಅಲ್ಲೇ ಕೂತಿತು. ನನ್ನ ಕೈ ನಿಲ್ಲುತ್ತದೆಯೇ? ಪೆನ್ನಿನ ಹಿಂದುಗಡೆಯಿಂದ ಒಂದು ಸಲ ತಿವಿದೆ.

"ಅದ್ಯಾಕವ್ವ ತಿವೀತೀಯೆ?" ಗೌರಮ್ಮ ಸೊಪ್ಪಿನ ಹೊರೆಯ ಹಿಂದಿನಿಂದಲೇ ಕೇಳಿದರು.

"ನಡೀಲಿ ಅಂತ ಅಮ್ಮ."

"ಎಲ್ಲೀಗ್ ನಡೆದದು? ಸೊಪ್ಪು ಅದ್ರ ಬಾಯ್ತಾಕೇ ಬತ್ತದೆ. ಒತ್ತೊತ್ತಿಗೆ ನಿಂಗೂ ಕುಂತ್ ತಾವ್ಕೇ ಅನ್ನ ತಂದಿಕ್ಕುದ್ರೆ ನೀನು ಎದ್ ಓಡಾಡೀಯಾ?"

ನಾನು ಶಿವುವನ್ನು ನೋಡಿದೆ. ಶಿವು ಚಾವಣಿ ನೋಡಿದ. "ಏನೋ, ಮನೇಲೇ ಸಾಕಿದ್ದೀರ, ನಿನಗೂ ಗೊತ್ತಿರ್ಲಿಲ್ವಾ?" ಎಂದೆ.

"ಉಳ ಅಂದ್ಮೇಲೆ ನಡೀದೆ ಇದ್ದಾದಾ ಅನ್ಕಂಡಿದ್ದೆ ಕಣೇ. ನಾನು ಸೊಪ್ಪು ಆಕ್ತೀನಿ, ಓಯ್ತೀನಿ. ಯಾವತ್ತು ನಿಂತ್ಕಂಡ್ ನೋಡಿವ್ನಿ?"

ಹೀಗೆ, ರೇಷ್ಮೆಯ ಸೀಮೆಯಲ್ಲಿ ಹುಟ್ಟಿದ ಇಬ್ಬರು ಮಹಾಪಂಡಿತರು ಸೇರಿ, ನಡೆಯುವ ಯಂತ್ರಕ್ಕೆ ಮಾದರಿಯಾಗಿ ಲೋಕದಲ್ಲೇ ನಡೆಯಲೊಲ್ಲದ ಹುಳವನ್ನು ಆರಿಸಿದ್ದೆವು. ಹೊರಗಿನ ಊರಿನವರಾಗಿದ್ದರೆ ಒಂದು ಸಲ ಯಾರನ್ನಾದರೂ ಕೇಳಿಯಾದರೂ ನೋಡುತ್ತಿದ್ದರು. ನಮಗೆ ಕೇಳುವ ಅಗತ್ಯ ಎಲ್ಲಿತ್ತು?

ಮಂಜುಳ ಮಾತ್ರ ನಮ್ಮ ಜಗಳಕ್ಕೆ ಬರದೆ ಮೂಲೆಯ ಒಂದು ಸ್ಟ್ಯಾಂಡಿನ ಮುಂದೆ ನಿಂತಿದ್ದಳು. ಅಲ್ಲಿನ ಹುಳಗಳೆಲ್ಲ ತಿನ್ನುವುದು ಬಿಟ್ಟು, ಎದೆ ಎತ್ತಿ, ಕಲ್ಲಿನಂತೆ ನಿಂತಿದ್ದವು. ಅವುಗಳ ಮೇಲೆ ಸೊಪ್ಪೂ ಇರಲಿಲ್ಲ. ಹುಳ ಬೆಳೆಯುವಾಗ ಆಗಾಗ ಹೀಗೆ ನಿಂತು ಹಳೆಯ ಚರ್ಮ ಕಳಚುತ್ತದೆ. ಅದನ್ನು ನಮ್ಮ ಕಡೆ ಹುಳ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. "ಅವ್ನ ಮಾತ್ರ ಮುಟ್ಬ್ಯಾಡಿ ಕಣ್ರವ್ವ" ಎಂದರು ಗೌರಮ್ಮ, ಈ ಸಲ ದನಿ ತಗ್ಗಿಸಿ. "ಜ್ವರಕ್ ಕುಂತಿದ್ದ ಉಳನ ಮುಟ್ಟುದ್ರೆ ಕೆಟ್ಟೋಯ್ತದೆ. ಸತ್ತಂಗೆ ಕಾಣ್ತದೆ, ಸತ್ತಿರಕಿಲ್ಲ. ಒಳ್ಗೊಳ್ಗೇ ಕೆಲ್ಸ ಮಾಡ್ತಿರ್ತದೆ."

"ಏಳಕ್ ಎಷ್ಟೊತ್ತಾದದು?" ಮಂಜುಳ ಕೇಳಿದಳು.

"ಅದ್ಕ್ ಬೇಕಾದಷ್ಟೊತ್ತು."

ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಸೋತುಹೋಗಿದ್ದೆ. ಹಿಂದಿನ ವರ್ಷದ ಹುಡುಗರು ಮಾಡಿಟ್ಟಿದ್ದ ಒಂದು ಹಾವಿನ ರೋಬೋಟು ಕಾಲೇಜಿನಲ್ಲಿ ಇತ್ತು. ಬಣ್ಣ ಬಳಿದು ತೋರಿಸಿದರೆ ಪಾಸಂತೂ ಆಗುತ್ತಿತ್ತು, ಹಾಗೆ ಮಾಡಿದವರೂ ಇದ್ದರು. ಅದನ್ನೇ ತರೋಣ ಎಂದು ಮಂಜುಳನಿಗೆ ಹೇಳಿದೆ. ಹೇಳುವಾಗ ಅವಳ ಮೇಲಿನ ಕಾಳಜಿಯಿಂದಲೇ ನನ್ನ ಕಣ್ಣು ತುಂಬಿತ್ತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

"ಅವ್ವುನ್ ನೋಡ್ಕಂಡು, ತಿರ್ಗಾ ಬಂದು, ನಿಮ್ಮಂತ ಚಿಕ್ ಮಕ್ಳ ಜೊತೆ ಮುಂದ್ಗಡೆ ಬೆಂಚಲ್ ಕುಂತು ನಾನು ಓದಿರೋದು, ಯಾರೋ ಮಾಡಿದ್ ಆವ್ನ ಎತ್ಕಂಡೋಗಿ ತೋರ್ಸಕ್ಕಲ್ಲ ಕಣೇ. ಓದ್ರೆ ಓಗ್ಲಿ. ಉಳನೇ ಮಾಡಾನ."

ಅವಳ ಮುಖ ನೋಡಿದ ಮೇಲೆ ಮತ್ತೆ ಹಾವಿನ ಮಾತೆತ್ತುವ ಧೈರ್ಯ ನನಗೆ ಬರಲಿಲ್ಲ. ನಾವು ಹುಳವನ್ನೇ ಮಾಡುವುದೆಂದು ಕೊಳ್ಳೇಗಾಲ ತಲುಪುವ ಮೊದಲೇ ತೀರ್ಮಾನವಾಯಿತು.

ಅಷ್ಟು ಹಟ ಹಿಡಿದ ಮೇಲೆ ಒಂದು ದಾರಿಯೂ ಕಂಡಿತು. ಬಂದು ಕೆಲವು ದಿನಕ್ಕೆ ಶಿವು ಫೋನು ಮಾಡಿದ. "ಅಣ್ಣಾಗವೆ ಕಣ್ರೇ, ಬೇಗ್ನೆ ಬನ್ನಿ, ನಮ್ಮವ್ವ ಕೂಗ್ತಾಳೆ." ಹಣ್ಣಾಗುವುದು ಎಂದರೆ ಹುಳ ತಿನ್ನುವುದನ್ನು ಪೂರ್ತಿ ಬಿಟ್ಟು, ಮೈ ತಿಳಿಹಳದಿಗೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುವ ಕಾಲ. ಜೀವಮಾನವಿಡೀ ಕೂತಲ್ಲೇ ಕೂತ ಹುಳ ಆಗ ಒಮ್ಮೆ ಎದ್ದು ಹೊರಡುತ್ತದೆ. ನಾವು ಓಡಿ ಹೋದೆವು. ಆದರೆ ಅವತ್ತು ಅವರ ಮನೆಯಲ್ಲಿ ಯಾರಿಗೂ ನಿಂತು ಮಾತಾಡಲು ಪುರುಸೊತ್ತಿಲ್ಲ. ಹಣ್ಣಾದ ಹುಳವನ್ನು ಬೇಗ ಬೇಗ ಆರಿಸಿ, ಬಿದಿರಿನ ಸುರುಳಿ ಸುರುಳಿ ಚಂದ್ರಿಕೆಯ ಮೇಲೆ ಬಿಡಬೇಕು. ತಡಮಾಡಿದರೆ ಅವು ಕಂಡಲ್ಲಿ ಗೂಡು ಕಟ್ಟಿ ರೇಷ್ಮೆ ಹಾಳಾಗುತ್ತದೆ. ಗೌರಮ್ಮ ನಮ್ಮ ಕೈಗೆ ಒಂದೊಂದು ಮೊರ ಕೊಟ್ಟು, "ಓದೋದು ಆಮೇಲೆ ಮಾಡೀರಂತೆ, ಮೊದ್ಲು ಆರ್ಸಿ" ಎಂದರು.

ಆರಿಸಿದೆವು. ಶಿವು ಮೊಬೈಲನ್ನು ಸ್ಟ್ಯಾಂಡಿನ ಕಂಬಕ್ಕೆ ದಾರದಿಂದ ಕಟ್ಟಿ ವಿಡಿಯೋ ಹಚ್ಚಿಟ್ಟಿದ್ದ. ಆಮೇಲೆ ನೋಡಿದಾಗ ಅದರಲ್ಲಿ ಬಹುಪಾಲು ಇದ್ದದ್ದು ನನ್ನ ಕೈಬಳೆ ಮತ್ತು ಗೌರಮ್ಮನವರ ಬೆನ್ನು. ಪುಣ್ಯಕ್ಕೆ ಒಂದು ಹುಳ ಮಾತ್ರ ಪೂರ್ತಿ ಸಿಕ್ಕಿತ್ತು. ಅದು ಚಂದ್ರಿಕೆಯ ಒಂದು ಸುರುಳಿಯಿಂದ ಪಕ್ಕದ ಸುರುಳಿಗೆ ದಾಟುತ್ತಿತ್ತು. ಹಿಂಗಾಲುಗಳಲ್ಲಿ ಬಿದಿರನ್ನು ಕಚ್ಚಿ ಹಿಡಿದು, ಮುಂದಿನ ಅರ್ಧ ಮೈಯನ್ನು ಗಾಳಿಯಲ್ಲಿ ಎತ್ತಿ, ಎಡಕ್ಕೆ ಬಲಕ್ಕೆ ಬೀಸಿ, ನಿಂತುಬಿಡುತ್ತಿತ್ತು. ನಿಂತಿತು ಎಂದರೆ ಅಲುಗಾಟವೇ ಇಲ್ಲ. ನಾನು ಅಷ್ಟು ಭಾಗವನ್ನು ಓಡಿಸಿ ಮುಂದಕ್ಕೆ ಹೋಗಲು ಬೆರಳು ಇಟ್ಟೆ. ಮಂಜುಳ ಬೆರಳು ಸರಿಸಿದಳು.

"ಇರೇ, ನೋಡು. ಪ್ರತಿ ಸಲ ನಿಂತೇ ದಾಟ್ತದೆ. ನಿಲ್ಲೋದೂ ಅದ್ರ ನಡ್ಗೇಲೇ ಸೇರ್ಕಂಡದೆ."

ಆಮೇಲೆ ಅವಳು ತನ್ನ ಊರಿನ ವಿಷಯ ಹೇಳಿದಳು. ಅವರ ಮನೆ ರಸ್ತೆಯ ಅಂಚಿಗೇ ಇದೆ, ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಅದರ ಮುಂದೆಯೇ ಹಾಯುತ್ತಾರೆ. ಮನೆ ಮುಂದಿನ ಹೊಂಗೆಮರದ ಕೆಳಗೆ ಕೂರುವವರಿಗೆ ಚೊಂಬಿನಲ್ಲಿ ನೀರು ಕೊಡುವುದು ಚಿಕ್ಕಂದಿನಲ್ಲಿ ಇವಳ ಕೆಲಸ. ಕೂತವರನ್ನು ಹೊರಡಿ ಹೊರಡಿ ಎಂದು ಯಾವತ್ತೂ ಅವಸರಿಸಬಾರದು ಎಂದು ಅವಳ ತಾಯಿ ಕಟ್ಟಪ್ಪಣೆ ಮಾಡಿದ್ದರಂತೆ. "ಅವ್ರು ಸುಸ್ತಾಗಿ ಕುಂತಿರಕಿಲ್ಲ, ಎದ್ದೋಗಕ್ಕೇ ಕುಂತಿರ್ತಾರೆ ಅನ್ನಳು ನಮ್ಮವ್ವ" ಎಂದಳು ಮಂಜುಳ. ನನಗೆ ನಮ್ಮ ಮನೆಯ ಕೊಡತಿ ನೆನಪಾಯಿತು. ನಾವಿಬ್ಬರೂ ಬೆಳೆದ ಮನೆಗಳು ಎಷ್ಟು ಬೇರೆ ಎಂದು ಆಗ ಹೊಳೆಯಿತು.

ಗುಂಡನನ್ನು ಕಟ್ಟಿದ್ದು ನಮ್ಮ ನಡುಮನೆಯಲ್ಲಿ, ಮಗ್ಗದ ಪಕ್ಕದಲ್ಲಿ. ಪಿವಿಸಿ ಪೈಪನ್ನು ಬಳೆ ಬಳೆಯಾಗಿ ಕತ್ತರಿಸಿ, ನಡುವೆ ಸ್ಪ್ರಿಂಗು ಕೂರಿಸಿ, ಮೇಲೆ ಸೈಕಲ್ಲಿನ ಟ್ಯೂಬು ತೊಡಿಸಿದೆವು. ಉದ್ದಕ್ಕೂ ದಾರ ಓಡಿಸಿ, ಹೊಟ್ಟೆಯೊಳಗಿನ ಪುಟ್ಟ ಮೋಟಾರುಗಳು ಅದನ್ನು ಎಳೆದು ಬಿಟ್ಟರೆ ಮೈ ಕುಗ್ಗಿ ಹಿಗ್ಗುವಂತೆ ಮಾಡಿದೆವು. ಕಾಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷುಗಳನ್ನು ಕತ್ತರಿಸಿ, ಕೂದಲು ಹಿಂದಕ್ಕೆ ಬಾಗುವಂತೆ ಅಂಟಿಸಿದೆವು. ಹಾಗಿದ್ದರೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಶಿವು ಮೊದಲ ಸಲ ಅವನ್ನು ತಿರುಗಾಮುರುಗಾ ಅಂಟಿಸಿದ್ದರಿಂದ ಗುಂಡ ಹುಟ್ಟಿದ ಕೂಡಲೇ ಹಿಂದಕ್ಕೆ ನಡೆದು ದೇವರ ಮನೆ ಸೇರಿದ. ಅಮ್ಮ ಒಳ್ಳೆಯ ಶಕುನ ಅಂದರು.

ಎಳೆಯುವ ದಾರ ರೇಷ್ಮೆಯದೇ ಆಗಬೇಕು ಎಂದು ನಾನು ಹಟ ಹಿಡಿದೆ. ರೇಷ್ಮೆಹುಳದ ಹೊಟ್ಟೆಯಲ್ಲಿ ನೈಲಾನೇ ಎಂದು ಭಾಷಣವನ್ನೂ ಮಾಡಿದೆ. ಲಡಿಯಿಂದ ಎಳೆ ಎತ್ತಿ, ಹುರಿ ಮಾಡಿ ಹಾಕಿದರೆ, ಎರಡು ಸಲ ಎಳೆಯುವಷ್ಟರಲ್ಲಿ ಜೂಲು ಜೂಲಾಗಿ ಕಿತ್ತು ಬಂತು. ಅಪ್ಪ ಮಗ್ಗದ ಗುಂಡಿಯಿಂದಲೇ ಕತ್ತು ಚಾಚಿ ನೋಡಿದರು. ನಮ್ಮನ್ನು ಬಯ್ಯಬೇಕಾದ್ದರಿಂದ ಕನ್ನಡಕ್ಕೆ ಇಳಿದರು.

"ರೇಷ್ಮೆ ಉಟ್ಕೊಳ್ಳೋಕೆ ಕಣಮ್ಮ, ಮೋಟಾರ್ ಕೈಲಿ ಎಳೆಸೋಕಲ್ಲ. ಆ ಜಕಾರ್ಡಿನ ನೈಲಾನ್ ದಾರ ತಗೋ."

ದಾರ ಸರಿಹೋಯಿತು. ಸರಿಹೋದ ಉತ್ಸಾಹದಲ್ಲಿ ಅಪ್ಪ ನಮ್ಮ ಗುಂಪಿನ ನಾಲ್ಕನೆಯ ಸದಸ್ಯರಾದರು. ಮರುದಿನ ಗುಂಡ ನಡುವೆ ಸಿಕ್ಕಿಕೊಂಡು ಗುಯ್ ಎಂದು ಮುಲುಗುತ್ತ ನಿಂತಾಗ, ನಾವು ಬೇಡ ಬೇಡ ಎನ್ನುವಷ್ಟರಲ್ಲಿ ಕೊಡತಿ ತಂದು, "ಈಗ ನೋಡು ಹೆಂಗೋಗ್ತದೆ" ಎಂದು ಒಂದು ಕೊಟ್ಟರು. ಒಳಗೆ ಕಟ್ ಎಂದು ಸದ್ದಾಯಿತು. ಮೋಟಾರಿನ ಹಲ್ಲು ಮುರಿದಿತ್ತು. ಅಪ್ಪ ಕೊಡತಿಯನ್ನು ಬೆನ್ನ ಹಿಂದೆ ಹಿಡಿದು ಮಂಜುಳನ ಮುಖ ನೋಡಿದರು. ಅವಳ ಗಡುವಿನ ಕತೆ ಅವರಿಗೂ ಗೊತ್ತಿತ್ತು. ಅವಳು "ಇರ್ಲಿ ಬುಡಿ ಸಾ, ಬೇರೆ ಆಕಾನ" ಎಂದಳು. ಅಪ್ಪ ಅಂಗಿ ತೊಟ್ಟು ಮೈಸೂರಿನ ಬಸ್ಸು ಹತ್ತಿದರು. ಸಂಜೆ ಒಂದು ಮೋಟಾರು ತಂದರು. ಅದು ಆಟದ ಕಾರಿನದು, ನಮಗೆ ಉಪಯೋಗಕ್ಕೆ ಬರಲಿಲ್ಲ. ನನಗೆ ಅಪ್ಪನ ಮೇಲೆ ಅವತ್ತು ಬಂದಷ್ಟು ಪ್ರೀತಿ ಬೇರೆ ಯಾವತ್ತೂ ಬಂದದ್ದು ನೆನಪಿಲ್ಲ. ಬೇಕಾದ ಮೋಟಾರನ್ನು ಶಿವು ಹೇಗೋ ಹೊಂದಿಸಿದ.

ಅಪ್ಪನಿಗೆ ಬುದ್ಧಿ ಬಂತು, ನನಗೆ ಬರಲಿಲ್ಲ. ಪರೀಕ್ಷೆಯಲ್ಲಿ ಎರಡು ಟೇಬಲ್ಲುಗಳ ನಡುವೆ ಒಂದು ಸಂದು ಬಿಟ್ಟಿರುತ್ತಾರೆ, ಗುಂಡ ಅದನ್ನು ತಾನಾಗಿ ದಾಟಬೇಕು. ಅದಕ್ಕೆ ಮಂಜುಳ ಅವನ ಗದ್ದದ ಕೆಳಗೆ ಒಂದು ಸಣ್ಣ ಸ್ವಿಚ್ಚು ಕೂರಿಸಿದ್ದಳು. ಕೆಳಗೆ ನೆಲ ತಾಕಲಿಲ್ಲ ಎಂದರೆ ಗುಂಡ ತಲೆ ಎತ್ತಿ, ಅತ್ತ ಇತ್ತ ಬೀಸಿ, ನಿಂತು, ಮೈಯ ತೂಗಾಟ ಪೂರ್ತಿ ಅಡಗಿದ ಮೇಲೆ ಮೂತಿ ಚಾಚಿ ಇಳಿಸುತ್ತಿದ್ದ. ಆಚೆ ಏನಾದರೂ ತಾಕಿದರೆ ಹೆಜ್ಜೆ, ಇಲ್ಲದಿದ್ದರೆ ಮತ್ತೆ ಹುಡುಕಾಟ. ಆ ನಿಲ್ಲುವ ಹೊತ್ತು ನನ್ನ ಜೀವ ತಿನ್ನುತ್ತಿತ್ತು. ಪರೀಕ್ಷಕರಿಗೆ ಇದು ಕೆಟ್ಟು ನಿಂತಂತೆ ಕಾಣುತ್ತದೆ ಎಂದು ಅವಳು ಇಲ್ಲದಾಗ ಪ್ರೋಗ್ರಾಮಿನಲ್ಲಿ ಆ ಹೊತ್ತನ್ನು ಕತ್ತರಿಸಿ ಹಾಕಿದೆ. ಗುಂಡ ತೂಗಾಡುತ್ತಲೇ ಮುಂದೆ ಚಾಚಿ, ಟೇಬಲ್ಲಿನ ಬದಲು ಮನೆಯಲ್ಲಿ ಇಟ್ಟುಕೊಂಡಿದ್ದ ಎರಡು ಮಣೆಗಳ ನಡುವೆ ತಲೆಕೆಳಗಾಗಿ ಬಿದ್ದು ಮೂಗು ಮುರಿದುಕೊಂಡ.

ಮಂಜುಳ ಅವನನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. "ನಿಂಗ್ಯಾಕೆ ಇಷ್ಟೊಂದ್ ಅವುಸ್ರ?"

"ನಿನಗೋಸ್ಕರವೇ ಮಾಡಿದ್ದು ಕಣೇ" ಎಂದೆ. ನನ್ನ ದನಿಯೂ ಏರಿತ್ತು. "ಹೋಗೋದು ನಿನ್ನ ಡಿಗ್ರಿ. ನನಗೆ ಭಯ ಆಗಲ್ವಾ?"

"ನಂಗೂ ಆಯ್ತದೆ. ದಿನಾ ಆಯ್ತದೆ. ನಂಗೋಸ್ಕರ ಅನ್ನೋದಾದ್ರೆ ಸುಮ್ನೆ ನಿಂತ್ಕೊ, ಅಷ್ಟ್ ಸಾಕು."

ಅವಳಿಗೆ ಭಯವಾಗುತ್ತದೆ ಎಂದು ನನಗೆ ಅಲ್ಲಿಯ ತನಕ ತೋಚಿಯೇ ಇರಲಿಲ್ಲ. ಅವಳು ಮೂಗು ರಿಪೇರಿ ಮಾಡಿ, ನಾನು ಕತ್ತರಿಸಿದ್ದನ್ನು ಮತ್ತೆ ಹಾಕಿದಳು. ಮೊದಲಿಗಿಂತ ಸ್ವಲ್ಪ ಹೆಚ್ಚಾಗಿಯೇ ಹಾಕಿದಳು ಎಂದು ನನ್ನ ಗುಮಾನಿ.

ಪರೀಕ್ಷೆಯ ದಿನ ಲ್ಯಾಬಿನಲ್ಲಿ ಜನವೋ ಜನ. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಒಂದೇ ನಿಯಮ ಹೇಳಿದರು. ಒಂದು ಸಲ ಬಿಟ್ಟ ಮೇಲೆ ಕೈ ತಾಕಿಸಬಾರದು, ತಾಕಿಸಿದರೆ ಅಲ್ಲಿಗೆ ಮುಗಿಯಿತು. ಹಾವು ಸರಸರ ಹೋಗಿ ಎಲ್ಲರ ಚಪ್ಪಾಳೆ ತೆಗೆದುಕೊಂಡಿತು. ಮೀನು ಟಬ್ಬಿನಲ್ಲಿ ಒಂದು ಸುತ್ತು ಹಾಕಿತು. ಇರುವೆಯ ಗುಂಪಿನ ಹುಡುಗ ಜಾರುತ್ತಿದ್ದ ಇರುವೆಯನ್ನು ಗಾಬರಿಯಲ್ಲಿ ಹಿಡಿದುಬಿಟ್ಟ. ಪರೀಕ್ಷಕರು ಏನನ್ನೋ ಬರೆದುಕೊಂಡರು, ಹುಡುಗ ಬೆವರು ಒರೆಸಿಕೊಂಡ. ಆಮೇಲೆ ನಮ್ಮ ಹೆಸರು ಕೂಗಿದರು. ಗೈಡ್ ಸರ್ ನಮ್ಮನ್ನು ನೋಡಿ, "ಆಯ್ತು, ತೋರ್ಸಿ" ಅಂದರು.

ಶಿವು ಗುಂಡನನ್ನು ಟೇಬಲ್ಲಿನ ಮೇಲೆ ಇಟ್ಟು ಸ್ವಿಚ್ಚು ಒತ್ತಿ ಹಿಂದೆ ಸರಿದ. ಗುಂಡ ಮೈ ಕುಗ್ಗಿಸಿ, ಹಿಗ್ಗಿಸಿ, ಬ್ರಷ್ಷು ಊರಿಕೊಂಡು ಹೊರಟ. ಸಂದಿನ ಅಂಚಿಗೆ ಬಂದು ತಲೆ ಎತ್ತಿದ. ಎಡಕ್ಕೆ ಬೀಸಿದ, ಬಲಕ್ಕೆ ಬೀಸಿದ. ನಿಂತ. ಮೂತಿ ಚಾಚಿ ಇಳಿಸಿದ, ಟೇಬಲ್ಲು ತಾಕಲಿಲ್ಲ. ಮತ್ತೆ ತಲೆ ಎತ್ತಿ ಬೀಸಿ, ನಿಂತ. ನಮ್ಮ ಮನೆಯಲ್ಲಿ ಯಾವತ್ತೂ ನಿಲ್ಲದಷ್ಟು ಹೊತ್ತು ನಿಂತ. ಮೇಲಿನ ಫ್ಯಾನಿನ ಗಾಳಿಗೆ ಅವನ ಮೈಯ ತೂಗಾಟ ಅಡಗದೆ ಹಾಗಾಯಿತು ಎಂದು ನಮಗೆ ಹೊಳೆದದ್ದು ಆಮೇಲೆ. ಆಗ ಮಾತ್ರ ನನ್ನ ಕಣ್ಣಿಗೆ ಕಂಡದ್ದು ಕೆಟ್ಟು ನಿಂತ ಯಂತ್ರ, ಮತ್ತು ಅದಕ್ಕೆ ಬೇಕಾದ ಒಂದೇ ಒಂದು ಏಟು. ಹಿಂದಿನಿಂದ ಯಾರೋ ನಕ್ಕರು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

"ನಿಂತೋಯ್ತು ಅಂತ ಬರ್ಕೊಳ್ಳಲೇನಮ್ಮ?"

ನನ್ನ ಕೈ ಮೇಲೆದ್ದಿತ್ತು. ನಿಯಮ ಗೊತ್ತಿತ್ತು, ಮಂಜುಳನ ಗಡುವು ಗೊತ್ತಿತ್ತು, ಆದರೂ ಎದ್ದಿತ್ತು. ಮಂಜುಳ ಅದನ್ನು ಮಣಿಕಟ್ಟಿನಲ್ಲಿ ಹಿಡಿದಳು. ನನ್ನ ಒಂದು ಗಾಜಿನ ಬಳೆ ಒಡೆಯಿತು. ಅವಳು ನನ್ನ ಕಡೆ ನೋಡಲಿಲ್ಲ, ಪರೀಕ್ಷಕರ ಕಡೆಯೂ ನೋಡಲಿಲ್ಲ.

"ನಿಂತಿಲ್ಲ ಸಾ. ಉಡುಕ್ತಾವ್ನೆ."

ದಿನಾ ಭಯವಾಗುತ್ತದೆ ಎಂದವಳ ಕೈ ಇಷ್ಟು ಗಟ್ಟಿಯಾಗಿ ಹೇಗೆ ಹಿಡಿದೀತು ಎಂದು ನನಗೆ ಈಗಲೂ ಆಶ್ಚರ್ಯ. ಕಳೆದುಕೊಳ್ಳುವುದೆಲ್ಲ ಅವಳದೇ ಇತ್ತು. ಸುಮ್ಮನೆ ನಿಂತವಳೂ ಅವಳೇ. ನಾನೂ ನಿಂತೆ, ಗೌರಮ್ಮನವರ ಹುಳದ ಮನೆಯ ಮೂಲೆಯಲ್ಲಿ ಜ್ವರಕ್ಕೆ ಕೂತ ಹುಳಗಳ ಮುಂದೆ ಅವಳು ನಿಂತಿದ್ದ ಹಾಗೆ.

ಗುಂಡನ ಮೈ ತೂಗುವುದು ನಿಂತಿತು. ಅವನು ಮೂತಿಯನ್ನು ಒಂದಿಷ್ಟೇ ಮುಂದಕ್ಕೆ ಚಾಚಿ, ಮೆಲ್ಲಗೆ ಇಳಿಸಿ, ಆಚೆಯ ಟೇಬಲ್ಲಿನ ಅಂಚಿಗೆ ಗದ್ದ ಊರಿದ. ಮುಂದಿನ ಬ್ರಷ್ಷುಗಳು ಕಚ್ಚಿಕೊಂಡವು. ಲ್ಯಾಬಿಗೆ ಲ್ಯಾಬೇ ಚಪ್ಪಾಳೆ ಹೊಡೆಯಿತು. ಶಿವು ಕೂಗಿಯೇ ಬಿಟ್ಟ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ಆಯ್ತಲ್ಲೇ, ಕೈ ಬಿಡೇ" ಎಂದೆ.

"ಇರು" ಎಂದಳು ಮಂಜುಳ. "ಬಾಲ ಇನ್ನೂ ಆ ಕಡೇಲೇ ಅದೆ."

ಬಿಡಲಿಲ್ಲ. ಚಪ್ಪಾಳೆ ಹೊಡೆದವರು ಪೆಚ್ಚಾಗಿ ಕೈ ಇಳಿಸಿದರು. ಗುಂಡನ ನಡು ಸಂದಿನ ಮೇಲೆ ಬಂತು, ಕೊಂಚ ಜೋತು ಬಿತ್ತು, ಮತ್ತೆ ಬಿಗಿಯಿತು. ಹಿಂದಿನ ಒಂದು ಜೊತೆ ಬ್ರಷ್ಷು ದಾಟಿತು. ಅವನು ಇನ್ನೊಂದು ಸಲ ನಿಂತ, ಈ ಸಲ ಯಾರೂ ನಗಲಿಲ್ಲ. ಕೊನೆಗೆ ಬಾಲವೂ ಎದ್ದು ಆಚೆಯ ಟೇಬಲ್ಲಿನ ಮೇಲೆ ಬಂದು ಕೂತಿತು. ಗೈಡ್ ಸರ್ ಬಗ್ಗಿ, ಎರಡು ಟೇಬಲ್ಲುಗಳ ನಡುವೆ ಕಣ್ಣಿಟ್ಟು ನೋಡಿ, "ತೋರಿಸಿದ್ರಿ" ಎಂದರು.

ಆಗ ಮಂಜುಳ ನನ್ನ ಕೈ ಬಿಟ್ಟಳು. ತನ್ನ ಅದೇ ಕೈಯನ್ನು ಮೇಲೆತ್ತಿ ಧಡ್ ಎಂದು ಟೇಬಲ್ಲಿಗೆ ಒಂದು ಏಟು ಕೊಟ್ಟಳು. ನಮ್ಮಪ್ಪನ ಕೊಡತಿ ಕೂಡ ಅಷ್ಟು ಸದ್ದು ಮಾಡಿದ್ದಿಲ್ಲ. ಪರೀಕ್ಷಕರ ಪೆನ್ನು ಉರುಳಿ ಬಿತ್ತು. ಗುಂಡ ಅದುರಿ ನಿಂತು, ತಲೆ ಎತ್ತಿ ಎಡಕ್ಕೆ ಬಲಕ್ಕೆ ಹುಡುಕತೊಡಗಿದ. ನಾವು ಮೂವರೂ ಅವನನ್ನು ಮುಟ್ಟದೆ ಸುತ್ತ ನಿಂತುಕೊಂಡೆವು.